ಮಳೆ ಲೆಕ್ಕ ನಮ್ಮದು, ಜಾಗ ಯಾರದ್ದು?

ಮಾರ್ಚ್, ಏಪ್ರಿಲ್‌ನಲ್ಲಿ ಮೂಡಿಗೆರೆ ಕಡೆ ಗುಡುಗಿದರೆ ಸಾಕು, ಕಾಫಿ ಬೆಳೆಗಾರರ ವಾಟ್ಸಾಪ್ ಗ್ರೂಪ್‌ಗಳಿಗೆ ಪುರುಸೊತ್ತೇ ಇರುವುದಿಲ್ಲ. ‘ಆಲ್ದೂರು 85 ಸೆಂಟ್ಸ್.’ ‘ನಮ್ಮಲ್ಲಿ ಬರೀ 20, ಸ್ಪ್ರಿಂಕ್ಲರ್ ಹಾಕಲೇಬೇಕು.’ ನೂರು ಸೆಂಟ್ಸ್ ಎಂದರೆ ಒಂದು ಇಂಚು ಮಳೆ, ಅಂದರೆ 25.4 ಮಿಲಿಮೀಟರ್. ಹೂಮಳೆ ಸಾಲದಿದ್ದರೆ ರೋಬಸ್ಟಾ ಮೊಗ್ಗು ಸರಿಯಾಗಿ ಅರಳುವುದಿಲ್ಲ. ಹಾಗಾಗಿ ಯಾರೂ ಇದನ್ನು ಸುಮ್ನೆ ಬರೆಯುವುದಲ್ಲ. ವರ್ಷಗಟ್ಟಲೆ ಕೂಡಿಟ್ಟರೆ ಹವಾಮಾನದ ಒಳ್ಳೆಯ ದಾಖಲೆ.

ಅಳೆದವರು ಬೆಳೆಗಾರರು, ಲೆಕ್ಕ ಕೂಡಿಡುವ ಜಾಗ ಮಾತ್ರ ವಾಟ್ಸಾಪ್ ಕಂಪನಿಯದ್ದು. ಅದರಲ್ಲೇನು ತಪ್ಪು? ಸರ್ವರ್ ನಡೆಸಲು ದುಡ್ಡು ಬೇಕಲ್ವಾ! ಕಂಪನಿ ಎಂದರೆ ಕೆಟ್ಟದ್ದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ಅದರ ಮನಸ್ಸು ಬದಲಾಗುತ್ತದೆ. ಗೂಗಲ್‌ನ ಸಾಮಾಜಿಕ ಜಾಲತಾಣ ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಅಂಥ ದಿನ ಗಂಟುಮೂಟೆ ಕಟ್ಟಿ ಹೊರಡಲು ಆಗಬೇಕು. ನನ್ನ ಮಟ್ಟಿಗೆ ಸ್ವಾತಂತ್ರ್ಯ ಎಂದರೆ ಅಷ್ಟೇ.

2002ರಲ್ಲಿ ವಿಕಿಪೀಡಿಯ ಬೋಮಿಸ್ ಎಂಬ ಕಂಪನಿಯ ಆಸರೆಯಲ್ಲಿತ್ತು. ಜಾಹೀರಾತು ಬರಬಹುದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅದರ ಸ್ಪ್ಯಾನಿಷ್ ಬರಹಗಾರರಲ್ಲಿ ಹಲವರು ಲೇಖನಗಳನ್ನು ನಕಲು ಮಾಡಿಕೊಂಡು ಸ್ಪೇನ್‌ನ ಸೆವಿಲ್ ವಿಶ್ವವಿದ್ಯಾಲಯದ ಸರ್ವರ್‌ಗೆ ಹೊರಟೇಬಿಟ್ಟರು. ಲೈಸೆನ್ಸ್‌ನಲ್ಲೇ ನಕಲಿಗೆ ಅವಕಾಶವಿತ್ತು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮರುವರ್ಷ ವಿಕಿಪೀಡಿಯ ಲಾಭಕ್ಕಾಗಿ ಅಲ್ಲದ ಪ್ರತಿಷ್ಠಾನದ ಕೈಗೆ ಹೋಯಿತು. ಇವತ್ತಿಗೂ ಅಲ್ಲಿ ಜಾಹೀರಾತಿಲ್ಲ.

ಆದರೆ ಹೊರಟವರ ತಾಣ ಹೆಚ್ಚು ಕಾಲ ಮುಂದಿರಲಿಲ್ಲ. ಕಾರಣ ತಿಳಿಯಲು ಒಂದು ಸಣ್ಣ ಲೆಕ್ಕ ಮಾಡೋಣ. ನೂರು ಜನರ ಗುಂಪಿನಲ್ಲಿ ಇಬ್ಬಿಬ್ಬರ ನಡುವಿನ ಕೊಂಡಿಗಳು 4950. ಐವತ್ತು ಜನ ಬೇರೆಯಾದರೆ ಒಂದೊಂದು ಕಡೆ ಉಳಿಯುವುದು 1225 ಮಾತ್ರ. ಜನ ಅರ್ಧ, ಕೊಂಡಿ ಕಾಲು ಭಾಗ! ವಾಟ್ಸಾಪ್‌ನ ಮಾತುಕತೆಯನ್ನು ಎಕ್ಸ್‌ಪೋರ್ಟ್ ಮಾಡಿ ಫೈಲ್ ಆಗಿ ಇಟ್ಟುಕೊಳ್ಳಬಹುದು. ಜನರನ್ನು ಹಾಗೆ ಎಕ್ಸ್‌ಪೋರ್ಟ್ ಮಾಡಲು ಬರುವುದಿಲ್ಲ. ‘ಬೇಜಾರಾದರೆ ಬಿಟ್ಟು ಹೋಗಿ’ ಎಂದು ಮಾಲೀಕರು ಧೈರ್ಯವಾಗಿ ಹೇಳುವುದು ಇದರಿಂದಲೇ.

ಹೋಗುವುದಾದರೆ ಒಟ್ಟಿಗೇ ಹೋಗಬೇಕು. ವಿಕಿಟ್ರಾವೆಲ್ ಎಂಬ ಆನ್‌ಲೈನ್ ಪ್ರವಾಸಿ ಕೈಪಿಡಿಯನ್ನು 2006ರಲ್ಲಿ ಒಂದು ಕಂಪನಿ ಕೊಂಡುಕೊಂಡಿತು. 2012ರಲ್ಲಿ ಅದರ ಇಂಗ್ಲಿಷ್ ಬರಹಗಾರರು ಚರ್ಚಿಸಿ ಗುಂಪಾಗಿಯೇ ಹೊರಟರು. ಕಂಪನಿ ಇಬ್ಬರು ಸ್ವಯಂಸೇವಕರ ಮೇಲೆ ಕೇಸು ಹಾಕಿತು. ಅದು ರಾಜಿಯಲ್ಲಿ ಮುಗಿಯಿತು. ಅವರು ಹೋಗಿ ಸೇರಿಕೊಂಡ ವಿಕಿವಾಯೇಜ್ ಈಗಲೂ ನಡೆಯುತ್ತಿದೆ.