ಫೆರಿಟಿನ್: ಕಬ್ಬಿಣದ ಹಗೇವು

ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರ ರಕ್ತದ ರಿಪೋರ್ಟಿನಲ್ಲಿ ಒಮ್ಮೊಮ್ಮೆ ಎರಡು ಸಾಲುಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಹಿಮೋಗ್ಲೋಬಿನ್ ಕಡಿಮೆ, ಫೆರಿಟಿನ್ ಜಾಸ್ತಿ. ಫೆರಿಟಿನ್ ಅಂದರೆ ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಲೆಕ್ಕ ಅಂತ ಕೇಳಿರುತ್ತೇವೆ. ಕಬ್ಬಿಣ ಅಷ್ಟಿದ್ದರೂ ರಕ್ತ ಯಾಕೆ ಕಡಿಮೆ? ಮನೆಯವರಿಗೆ ಗಾಬರಿ ಆಗುವುದು ಸಹಜ, ಅಲ್ವಾ?

ಲ್ಯಾಟಿನ್ನಿನಲ್ಲಿ 'ಫೆರ್ರಮ್' ಅಂದರೆ ಕಬ್ಬಿಣ. ಹೆಸರು ಬಂದಿದ್ದು ಅಲ್ಲಿಂದ. 1937ರಲ್ಲಿ ಜೆಕ್ ವಿಜ್ಞಾನಿ ವಿಲೆಮ್ ಲಾಫ್‌ಬರ್ಗರ್ ಕುದುರೆಯ ಗುಲ್ಮದಿಂದ ಈ ಪ್ರೋಟೀನನ್ನು ಬೇರ್ಪಡಿಸಿದರು. 24 ತುಣುಕುಗಳು ಸೇರಿ ಆದ ಟೊಳ್ಳು ಉಂಡೆ ಇದು. ಒಳಗೆ ಸುಮಾರು 4,500 ಕಬ್ಬಿಣದ ಪರಮಾಣುಗಳು ಹಿಡಿಸುತ್ತವೆ. ಕಬ್ಬಿಣ ಬಿಡಿಯಾಗಿ ಓಡಾಡಿದರೆ ಜೀವಕೋಶದ ಪೊರೆ, ಡಿಎನ್ಎ ಎರಡನ್ನೂ ಕೆಡಿಸುತ್ತದೆ. ಅದಕ್ಕೇ ಈ ಏರ್ಪಾಡು. ಉತ್ತರ ಕರ್ನಾಟಕದಲ್ಲಿ ಜೋಳವನ್ನು ನೆಲದೊಳಗಿನ ಹಗೇವಿಗೆ ತುಂಬಿ ಬಾಯಿ ಮುಚ್ಚುತ್ತಿದ್ದರಲ್ಲ, ಹಾಗೆ. ಕಾಳೂ ಕೆಡಬಾರದು, ಬೇಕೆಂದಾಗ ಸಿಗಲೂ ಬೇಕು.

ಈ ಹಗೇವುಗಳನ್ನು ಕಾಯುವವರಲ್ಲಿ ಮುಖ್ಯರು ಮ್ಯಾಕ್ರೋಫೇಜ್‌ಗಳು. ನಮ್ಮ ರೋಗನಿರೋಧಕ ಪಡೆಯ ದೊಡ್ಡ ನುಂಗುಕೋಶಗಳು ಇವು. ರೋಗಾಣುಗಳನ್ನು ನುಂಗುವುದು ಇವುಗಳ ಕೆಲಸ ಅಂತ ನಮಗೆ ಗೊತ್ತು. ಇನ್ನೊಂದು ಕೆಲಸವೂ ಇದೆ. ಕೆಂಪು ರಕ್ತಕಣ ಬದುಕುವುದು ಸುಮಾರು 120 ದಿನ. ಮುದಿಯಾದ ಕಣಗಳನ್ನು ನುಂಗಿ, ಅವುಗಳ ಕಬ್ಬಿಣವನ್ನು ತೆಗೆದು, ಹೊಸ ರಕ್ತಕ್ಕೆ ಮರಳಿ ಕೊಡುವುದು ಇವೇ. ದಿನಕ್ಕೆ 20ರಿಂದ 25 ಮಿಲಿಗ್ರಾಂ ಹೀಗೆ ತಿರುಗುತ್ತದೆ. ಊಟದಿಂದ ಮೈಗೆ ಸೇರುವುದು ಬರೀ 1-2 ಮಿಲಿಗ್ರಾಂ. ಅಂದಮೇಲೆ ರಕ್ತ ನಿಂತಿರುವುದು ಈ ಕೋಶಗಳ ಕೊಡುಗೈ ಮೇಲೆ.

ಸೋಂಕು ತಗುಲಿದರೆ ಈ ಕೈ ಮುದುಡುತ್ತದೆ. ರೋಗಾಣುಗಳಿಗೂ ಬೆಳೆಯಲು ಕಬ್ಬಿಣ ಬೇಕು, ಅವಕ್ಕೆ ಸಿಗದಂತೆ ಮಾಡಬೇಕು. ಐಎಲ್-6 ಎಂಬ ಸಂದೇಶ ಹೋದಾಗ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಸುರಿಸುತ್ತದೆ. ಕಬ್ಬಿಣ ಕೋಶದಿಂದ ಹೊರಬರುವ ಬಾಗಿಲಿನ ಹೆಸರು ಫೆರೊಪೋರ್ಟಿನ್. ಹೆಪ್ಸಿಡಿನ್ ಅದನ್ನು ಮುಚ್ಚಿಸುತ್ತದೆ. ಕ್ಯಾನ್ಸರ್ ಇದ್ದಾಗಲೂ ಉರಿಯೂತದಿಂದ ಇದೇ ನಡೆಯಬಹುದು. ಹಗೇವು ತುಂಬಿದೆ, ರಕ್ತ ತಯಾರಿಸುವ ಮೂಳೆಮಜ್ಜೆ ಮಾತ್ರ ಉಪವಾಸ. ರಿಪೋರ್ಟಿನ ಆ ಎರಡು ಸಾಲುಗಳ ಗುಟ್ಟು ಎಷ್ಟೋ ಸಲ ಇಷ್ಟೇ.

ಗಡ್ಡೆಯೊಳಗಿನ ಕಥೆ ಇನ್ನೂ ಸೋಜಿಗದ್ದು. 1977ರಲ್ಲೇ ಇಸ್ರೇಲಿನ ಸಂಶೋಧಕರು ಸ್ತನ ಕ್ಯಾನ್ಸರ್ ಇದ್ದವರ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಮೈಮೇಲೆ ಫೆರಿಟಿನ್ ಅಂಟಿರುವುದನ್ನು ವರದಿ ಮಾಡಿದ್ದರು. 2010ರಲ್ಲಿ ಬಂದ ಅಧ್ಯಯನವೊಂದು ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಫೆರೊಪೋರ್ಟಿನ್ ಕಡಿಮೆ ಇರುತ್ತದೆ ಎಂದಿತು. ಅಂದರೆ ಆ ಕೋಶಗಳು ಸಿಕ್ಕ ಕಬ್ಬಿಣವನ್ನು ಹೊರಗೆ ಬಿಡುವುದು ಕಡಿಮೆ. 2013ರ ಇನ್ನೊಂದು ಅಧ್ಯಯನದಲ್ಲಿ, ಗಡ್ಡೆಯೊಳಗೆ ನುಗ್ಗಿದ ಮ್ಯಾಕ್ರೋಫೇಜ್‌ಗಳಲ್ಲಿ ಫೆರಿಟಿನ್ ತುಂಬಿಕೊಂಡಿರುವುದು ಕಂಡಿತು. ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶಗಳಿಗೆ ಫೆರಿಟಿನ್ ಕೊಟ್ಟಾಗ ಅವು ಹೆಚ್ಚು ಬೆಳೆದವು. ಒಳಗೆ ಕಬ್ಬಿಣ ಇರಲಿ ಬಿಡಲಿ, ಬೆಳೆದವು! ಬರೀ ಉಗ್ರಾಣ ಅಂದುಕೊಂಡಿದ್ದ ಪ್ರೋಟೀನು ಸಂದೇಶವನ್ನೂ ಒಯ್ಯುತ್ತಿದೆ ಅಂತಾಯಿತು. ಕಾಯಬೇಕಾದ ಕೋಶಗಳೇ ಗಡ್ಡೆಯೊಳಗೆ ಸೇರಿ ಅದನ್ನು ಪೋಷಿಸುವುದು ನನಗೆ ಈ ರೋಗದ ಅತಿ ನೋವಿನ ಸಂಗತಿ ಅನ್ನಿಸುತ್ತದೆ.

ಹಾಗಂತ ಫೆರಿಟಿನ್ ಕ್ಯಾನ್ಸರ್ ಪತ್ತೆಯ ಪರೀಕ್ಷೆ ಅಲ್ಲ. ಜ್ವರ, ಯಕೃತ್ತಿನ ಕೊಬ್ಬು, ಮದ್ಯ ಎಲ್ಲವೂ ಇದನ್ನು ಏರಿಸುತ್ತವೆ. ಅಂಕಿ ಏರಿದೆ ಅಂದಮಾತ್ರಕ್ಕೆ ಗಡ್ಡೆ ಹರಡಿದೆ ಅಂತ ಸುಮ್ನೆ ಹೆದರಬೇಡಿ. ವೈದ್ಯರು ಇದರ ಜೊತೆಗೆ ಉರಿಯೂತ ತೋರಿಸುವ ಸಿಆರ್‌ಪಿ, ರಕ್ತದಲ್ಲಿ ಕಬ್ಬಿಣ ಸಾಗಿಸುವ ಪ್ರೋಟೀನು ಎಷ್ಟು ತುಂಬಿದೆ ಎಂದು ಹೇಳುವ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಎರಡನ್ನೂ ನೋಡುತ್ತಾರೆ. ಫೆರಿಟಿನ್ ಮಿಲಿಲೀಟರಿಗೆ 100 ನ್ಯಾನೋಗ್ರಾಂಗಿಂತ ಜಾಸ್ತಿ ಇದ್ದು ಸ್ಯಾಚುರೇಶನ್ ಶೇ. 20ಕ್ಕಿಂತ ಕಡಿಮೆ ಇದ್ದರೆ, ಕಬ್ಬಿಣ ಇದ್ದೂ ಕೈಗೆ ಸಿಗದ ಸ್ಥಿತಿ ಅದು. ಆಗ ಅಂಗಡಿಯಿಂದ ಕಬ್ಬಿಣದ ಮಾತ್ರೆ ತಂದು ನುಂಗಿದರೆ ಹೆಚ್ಚು ಉಪಯೋಗ ಆಗುವುದಿಲ್ಲ. ಹೆಪ್ಸಿಡಿನ್ ಕರುಳಿನ ಬಾಗಿಲನ್ನೂ ಮುಚ್ಚಿಸಿರುತ್ತದೆ. ಅದಕ್ಕೇ ಇಂಥವರಿಗೆ ಎಷ್ಟೋ ಸಲ ವೈದ್ಯರು ಕಬ್ಬಿಣವನ್ನು ಡ್ರಿಪ್ ಮೂಲಕ ನೇರ ರಕ್ತನಾಳಕ್ಕೆ ಕೊಡುತ್ತಾರೆ.