ಪದ ಪರಿಚಯ: ಗೋ-ಅಲಾಂಗ್, ಅಂದರೆ ಜೊತೆನಡಿಗೆ

ಸಂದರ್ಶನ ಅಂದ ಕೂಡಲೇ ಎರಡು ಕುರ್ಚಿ, ನಡುವೆ ಒಂದು ರೆಕಾರ್ಡರ್ ಕಣ್ಣಮುಂದೆ ಬರುತ್ತದೆ, ಅಲ್ವಾ? ಗೋ-ಅಲಾಂಗ್‌ನಲ್ಲಿ ಕುರ್ಚಿಯೇ ಇಲ್ಲ. ಯಾರ ಬದುಕನ್ನು ತಿಳಿಯಬೇಕೋ ಅವರು ಮಾಮೂಲಿಯಾಗಿ ಹೋಗುವ ಕಡೆಗೆ ಅವರ ಜೊತೆಗೇ ಹೋಗುವುದು. ದಾರಿಯಲ್ಲಿ ನೋಡುವುದು, ಕೇಳುವುದು, ಕೆಲವೊಮ್ಮೆ ಸುಮ್ನೆ ಇರುವುದು. ಕನ್ನಡದಲ್ಲಿ ನಾನು ಇದಕ್ಕೆ ಜೊತೆನಡಿಗೆ ಎನ್ನುತ್ತೇನೆ.

ಹಾಸನದ ಮಂಗಳವಾರದ ಸಂತೆ ಬಗ್ಗೆ ದೊಡ್ಡಮ್ಮನನ್ನು ಒಮ್ಮೆ ಮನೆಯಲ್ಲಿ ಕೂರಿಸಿಕೊಂಡು ಕೇಳಿದ್ದೆ. "ಸಂತೆ ಅಂದ್ರೆ ಸಂತೆ, ಅದರಲ್ಲೇನಿದೆ ಹೇಳಕ್ಕೆ?" ಎಂದು ಕಾಫಿ ಇಡಲು ಎದ್ದರು. ಅವರೆಕಾಯಿ ಕಾಲದಲ್ಲಿ ಚೀಲ ಹಿಡಿದು ಅವರ ಹಿಂದೆಯೇ ಹೋದೆ. ಮೊದಲು ಬೆಲೆ ಕೇಳಲಿಲ್ಲ. ಒಂದು ಕಾಯಿ ಎತ್ತಿ, ಮುರಿದು, ಮೂಸಿದರು. ಸೊಗಡು ಇಲ್ಲ ಅಂದರೆ ಮುಂದಕ್ಕೆ. ಒಂದು ಕಡೆ ನೇರ ದಾರಿ ಬಿಟ್ಟು ಆಲೂಗಡ್ಡೆ ಮೂಟೆಗಳ ಸಂದಿಯಲ್ಲಿ ಸುತ್ತಿಕೊಂಡು ನಡೆದರು. ಯಾಕೆ ಅಂತ ಕೇಳಿದೆ. "ಆ ಅಂಗಡೀಲಿ ನಿಮ್ಮ ದೊಡ್ಡಪ್ಪಂದು ಸಾಲ ಇತ್ತು." ಸಾಲ ತೀರಿ ಎಷ್ಟೋ ವರ್ಷ ಆಗಿದೆ. ಕಾಲು ಮಾತ್ರ ಇನ್ನೂ ಆ ಕಡೆ ಹೋಗುವುದಿಲ್ಲ.

ಇದನ್ನು ಒಂದು ಸಂಶೋಧನಾ ವಿಧಾನವಾಗಿ ಬಿಡಿಸಿ ಹೇಳಿದವರು ಸಮಾಜಶಾಸ್ತ್ರಜ್ಞೆ ಮಾರ್ಗರೆಟೆ ಕುಸೆನ್‌ಬಾಖ್. ಲಾಸ್ ಏಂಜಲೀಸ್‌ನ ಬಡಾವಣೆಗಳಲ್ಲಿ ಜನರ ಜೊತೆ ಓಡಾಡಿ, 2003ರಲ್ಲಿ ಲೇಖನ ಬರೆದರು. ಅವರ ವಾದ ಸರಳ. ಕೂತು ಕೇಳಿದರೆ, ರೂಢಿಯಾಗಿ ಹೋದ ಸಂಗತಿ ಬಾಯಿಗೇ ಬರುವುದಿಲ್ಲ. ದೂರ ನಿಂತು ನೋಡಿದರೆ, ಮಾಡುವುದು ಕಾಣುತ್ತದೆ, ಯಾಕೆ ಅನ್ನುವುದು ಕಾಣುವುದಿಲ್ಲ. ಜೊತೆ ನಡೆದರೆ ಎರಡೂ ಸಿಗುತ್ತವೆ.

ಹಾಗಾದರೆ ಇದು ನಮ್ಮ ಹಳೆಯ ಕ್ಷೇತ್ರಕಾರ್ಯವೇ, ಅಂದರೆ ಜನರ ನಡುವೆಯೇ ಇದ್ದು ಮಾಡುವ ಅಧ್ಯಯನವೇ ತಾನೆ? ಹತ್ತಿರದ ನೆಂಟ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿ ಅಧ್ಯಯನ ಮಾಡಿದ್ದರು. ಜೊತೆನಡಿಗೆಗೆ ಅಷ್ಟು ದಿನ ಬೇಕಿಲ್ಲ. ಒಬ್ಬರ ಜೊತೆ, ಅವರ ಒಂದು ದಾರಿ, ಒಂದೆರಡು ಗಂಟೆ. ಆದರೆ ದಾರಿ ಅವರದೇ ಆಗಿರಬೇಕು. "ಬನ್ನಿ, ಬೇಲೂರು ಸುತ್ತಿಕೊಂಡು ಬರೋಣ" ಎಂದು ನಾವೇ ಕರೆದೊಯ್ದರೆ ಅದು ಪ್ರವಾಸ.

ಸಂಸ್ಕೃತಿ ಅಧ್ಯಯನದವರಿಗೆ ಇದು ಒಗ್ಗುತ್ತದೆ. 1964ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಸಂಸ್ಕೃತಿ ಅಧ್ಯಯನಕ್ಕೆಂದೇ ಕೇಂದ್ರ ಶುರುವಾದಾಗಿನಿಂದ ಟಿವಿ, ಉಡುಪು, ಹುಡುಗರ ಹಾಡು ಎಲ್ಲವೂ ಅವರಿಗೆ ಪಾಠವೇ. ಸಂತೆ ಯಾಕಾಗಬಾರದು? ವಿದ್ಯಾರ್ಥಿಗಳಿಗೆ ಇಪ್ಪತ್ತು ಪ್ರಶ್ನೆಗಳ ಹಾಳೆ ಕೊಟ್ಟು ಕಳಿಸುವುದಕ್ಕಿಂತ ಒಂದು ಚೀಲ ಕೊಟ್ಟು ಕಳಿಸುವುದು ಮೇಲು ಅಂತ ನನಗನ್ನಿಸುತ್ತದೆ.

ಕಷ್ಟಗಳೂ ಇವೆ. ಗಲಾಟೆಯಲ್ಲಿ ರೆಕಾರ್ಡಿಂಗ್ ಕೇಳಿಸುವುದಿಲ್ಲ, ರಾತ್ರಿಯೇ ಕೂತು ಬರೆದಿಡಬೇಕು. ಅದಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದು ಬೇರೆ ಕಡೆ. ನಡೆಯುತ್ತಾ ಜನ ಹೇಳಬಾರದ್ದನ್ನೂ ಹೇಳಿಬಿಡುತ್ತಾರೆ. ಹಾಗಾಗಿ ಆಮೇಲೆ ಇನ್ನೊಮ್ಮೆ ಕೇಳಬೇಕು. ನಾನೂ ಕೇಳಿದೆ, ಸಾಲದ ವಿಷಯ ಬರೆಯಲಾ ಅಂತ. ದೊಡ್ಡಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದರು.

"ಬರ್ಕೋ. ಅಂಗಡಿ ಹೆಸರು ಹಾಕ್ಬೇಡ ಕಣೋ."