ಬೈಔಟ್ ಮಾಡಿದರೆ ಲೆಕ್ಕ ಮುಗಿಯಲ್ಲ ಸ್ವಾಮಿ

ಐಸ್ ಹಾಕಿ ಸೀಸನ್ ಶುರುವಾದರೆ ಸಾಕು, ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬರುತ್ತದೆ. "ಆ ಆಟಗಾರ ದಂಡ ಸರ್. ಮಾಲೀಕನ ಹತ್ತಿರ ದುಡ್ಡು ಕೊಳೀತಾ ಬಿದ್ದಿದೆ, ಕೊಟ್ಟು ಕಳಿಸಿದ್ರೆ ಆಯ್ತಲ್ವಾ?" ನಾನು ಟೊರೊಂಟೊದಲ್ಲಿ ಅಕೌಂಟೆಂಟ್. ಆಟಗಾರರ ತೆರಿಗೆ, ಕರಾರಿನ ಲೆಕ್ಕ ನೋಡೋದು ನನ್ನ ಕೆಲಸ. ಕೇಳುವವರಲ್ಲಿ ಆಟಗಾರರ ಅಪ್ಪಂದಿರೂ ಇದ್ದಾರೆ, ಕನ್ನಡ ಸಂಘದ ಊಟದಲ್ಲಿ ಪಕ್ಕದಲ್ಲಿ ಕೂತ ಗೆಳೆಯರೂ ಇದ್ದಾರೆ. ಹೀಗೆ ಕರಾರು ಮುಗಿಯೋ ಮುಂಚೆಯೇ ದುಡ್ಡು ಕೊಟ್ಟು ಕಳಿಸೋದಕ್ಕೆ ಬೈಔಟ್ ಅಂತಾರೆ. ಎಲ್ಲರಿಗೂ ಉತ್ತರ ಒಂದೇ: ಅಷ್ಟಕ್ಕೇ ಮುಗಿಯಲ್ಲ.

ನಮ್ಮವರು ಹೀಗೆ ಯೋಚಿಸೋದಕ್ಕೆ ಐಪಿಎಲ್ ಕಾರಣ. 2025ರ ಹರಾಜಿಗೆ ಮುಂಚೆ ಆರ್‌ಸಿಬಿ ಕೊಹ್ಲಿಯನ್ನು 21 ಕೋಟಿಗೆ ಉಳಿಸಿಕೊಂಡಿತು, 120 ಕೋಟಿಯ ಪರ್ಸ್‌ನಲ್ಲಿ ಅಷ್ಟು ಕಳೆಯಿತು. ಹರಾಜಿಗೆ ಮುಂಚೆ ಯಾರನ್ನಾದರೂ ಬಿಟ್ಟರೆ ಅವನ ದುಡ್ಡು ಪರ್ಸ್‌ಗೆ ವಾಪಸ್. ಅಲ್ಲಿಗೆ ಸರಿ. ಇಲ್ಲಿನ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಹಾಗಿಲ್ಲ.

ಇಲ್ಲಿ ಕ್ಯಾಪ್‌ಗೆ, ಅಂದರೆ ಒಂದು ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿರೋ ಮಿತಿಗೆ, ಎಣಿಸೋದು ಆ ವರ್ಷ ಕೊಟ್ಟ ಸಂಬಳವನ್ನಲ್ಲ. ಕರಾರಿನ ಒಟ್ಟು ಹಣವನ್ನು ವರ್ಷಗಳಿಂದ ಭಾಗಿಸಿದರೆ ಬರುವ ಸರಾಸರಿಯನ್ನು. ಕ್ಯಾಪ್ ಹಿಟ್ ಅಂದರೆ ಅದೇ. ಬ್ಯಾಂಕಿಗೆ ಬೀಳುವ ದುಡ್ಡು ಬೇರೆ, ಕ್ಯಾಪ್‌ನಲ್ಲಿ ಕೂರುವ ಅಂಕಿ ಬೇರೆ. ಇನ್ನೊಂದು ಸಲ ಓದಿ, ಯಾಕಂದ್ರೆ ತಲೆ ಆಡಿಸಿಕೊಂಡು ಹೋದವರೇ ಮುಂದಿನ ವಾರ ಫೋನ್ ಮಾಡಿ ಅದನ್ನೇ ಕೇಳುತ್ತಾರೆ.

ಮಿನ್ನೆಸೋಟಾ ವೈಲ್ಡ್ ತಂಡದ ಕಥೆ ನೋಡಿ. 2012ರ ಜುಲೈ 4ರಂದು ಅವರು ಝ್ಯಾಕ್ ಪರೀಸಿ, ರಯನ್ ಸೂಟರ್ ಇಬ್ಬರಿಗೂ ಒಂದೇ ಥರದ ಕರಾರು ಕೊಟ್ಟರು. 13 ವರ್ಷ, ತಲಾ 9.8 ಕೋಟಿ ಡಾಲರ್. ಸರಾಸರಿ ಸುಮಾರು 75.4 ಲಕ್ಷ. ಆದರೆ ಕರಾರಿನ ಪ್ರಕಾರ ಮೊದಲೆರಡು ವರ್ಷ ಸಿಗೋದು ತಲಾ 1.2 ಕೋಟಿ, ಕೊನೆಯ ಎರಡು ವರ್ಷ ಬರೀ 10 ಲಕ್ಷ. ಮೊದಲ 9 ವರ್ಷದಲ್ಲಿ ಒಬ್ಬೊಬ್ಬನಿಗೆ 8.8 ಕೋಟಿ, ಕ್ಯಾಪ್‌ನಲ್ಲಿ ತೋರಿಸಿದ್ದು ಸುಮಾರು 6.8 ಕೋಟಿ. ಮಧ್ಯದ 2 ಕೋಟಿ ಎಲ್ಲಿ ಹೋಯ್ತು? ಎಲ್ಲೂ ಹೋಗಲಿಲ್ಲ, ಮುಂದಕ್ಕೆ ಹೋಯ್ತು. ಚೀಟಿಯನ್ನು ಮೊದಲನೇ ತಿಂಗಳೇ ಎತ್ತಿಕೊಂಡವನು ಕಂತು ಕಟ್ಟೋದು ತಪ್ಪಿಸಿಕೊಳ್ಳೋಕಾಗುತ್ತಾ?

2021ರ ಜುಲೈನಲ್ಲಿ ಇಬ್ಬರನ್ನೂ ಬೈಔಟ್ ಮಾಡಿದರು. ಆ ವಯಸ್ಸಿನವರಿಗೆ ನಿಯಮ ಏನಂದರೆ, ಉಳಿದ ಸಂಬಳದ ಮೂರರಲ್ಲಿ ಎರಡು ಪಾಲು ಕೊಡಬೇಕು, ಅದನ್ನು ಉಳಿದ ವರ್ಷಗಳ ದುಪ್ಪಟ್ಟು ಕಾಲಕ್ಕೆ ಹಂಚಬೇಕು. ಉಳಿದಿದ್ದು 4 ವರ್ಷ, ನಾಲ್ಕೂ ಸೇರಿ ಒಬ್ಬೊಬ್ಬನಿಗೆ 1 ಕೋಟಿ. ಅಂದರೆ 8 ವರ್ಷ, ವರ್ಷಕ್ಕೆ 8.33 ಲಕ್ಷ. ಮಾಲೀಕನಿಗೆ ಇದೊಂದು ಲೆಕ್ಕವೇ ಅಲ್ಲ. ಈಗ ಕ್ಯಾಪ್ ನೋಡಿ. 2023-24ರಲ್ಲಿ ಕೊಡಬೇಕಿದ್ದ ಸಂಬಳ 10 ಲಕ್ಷ, ಕೊಟ್ಟಿದ್ದು 8.33 ಲಕ್ಷ. ಉಳಿದಿದ್ದು 1.67 ಲಕ್ಷ. 75.4 ಲಕ್ಷದ ಹಿಟ್‌ನಲ್ಲಿ ಕಡಿಮೆಯಾಗೋದು ಅಷ್ಟೇ! ಇಬ್ಬರಿಂದ ಸೇರಿ 1.47 ಕೋಟಿ ಡಾಲರ್ ಸತ್ತ ಹಣ, ಅಂದರೆ ತಂಡದಲ್ಲೇ ಇಲ್ಲದವರಿಗಾಗಿ ಕ್ಯಾಪ್‌ನಲ್ಲಿ ಕೂತ ಅಂಕಿ. ಆಗ ಇಡೀ ತಂಡದ ಮಿತಿ ಇದ್ದದ್ದೇ 8.35 ಕೋಟಿ. ಮರುವರ್ಷವೂ ಸತ್ತ ಹಣ ಅಷ್ಟೇ. ಇದಕ್ಕೆ ಮುಂಚೆ 2023ರ ಪ್ಲೇಆಫ್‌ನಲ್ಲಿ ಮೊದಲ ಸುತ್ತಿನಲ್ಲೇ ವೈಲ್ಡ್‌ನ ಮನೆಗೆ ಕಳಿಸಿದ್ದು ಡಲ್ಲಾಸ್ ಸ್ಟಾರ್ಸ್. ಆ ಸ್ಟಾರ್ಸ್ ಪರ ಆಡ್ತಾ ಇದ್ದದ್ದು ಇದೇ ಸೂಟರ್. ನನಗೆ ನಗು ತಡೆಯೋಕಾಗಿರಲಿಲ್ಲ, ಮಿನ್ನೆಸೋಟಾದವರು ಕ್ಷಮಿಸಬೇಕು.

ಎಲ್ಲ ಬೈಔಟೂ ಹೀಗೇ ಇರುತ್ತೆ ಅಂತ ನಾನು ಹೇಳ್ತಿಲ್ಲ. 26 ತುಂಬದ ಹುಡುಗನಿಗೆ ಕೊಡೋದು ಮೂರರಲ್ಲಿ ಒಂದೇ ಪಾಲು. ಸೈನಿಂಗ್ ಬೋನಸ್ (ಕರಾರಿಗೆ ಸಹಿ ಹಾಕಿದ್ದಕ್ಕೆ ಕೊಡೋ ಹಣ) ಇದ್ದರೆ ಅದನ್ನು ಪೂರ್ತಿ ಕೊಡಲೇಬೇಕು, ಅದಕ್ಕೆ ಈ ರಿಯಾಯಿತಿ ಇಲ್ಲ. ಲೀಗ್ ಮತ್ತು ಆಟಗಾರರ ಸಂಘದ 2013ರ ಒಪ್ಪಂದದ ಮೇಲೆ 13 ವರ್ಷದ ಕರಾರುಗಳೂ ನಿಂತುಹೋದವು. ಹಾಗಾಗಿ ಈ ಅಂಕಿಗಳನ್ನು ಬೇರೆ ಆಟಗಾರನಿಗೆ ಹಚ್ಚಬೇಡಿ. ಕರಾರು ಕೈಯಲ್ಲಿ ಹಿಡಿದು ಓದದೆ ನಾನಂತೂ ಬಾಯಿ ಬಿಡಲ್ಲ.

ಇದೇ ಗೊಂದಲ ಆಟಗಾರರ ಮನೆಯಲ್ಲೂ ಇದೆ, ಅಲ್ಲಿ ನಗು ಬರಲ್ಲ. ಒಬ್ಬ ಅಪ್ಪ ಮಗನ ಕ್ಯಾಪ್ ಹಿಟ್ಟನ್ನು ಫೋನಿನಲ್ಲಿ ತೋರಿಸಿ, "ವರ್ಷಕ್ಕೆ ಒಂಬತ್ತು ಲಕ್ಷ ಡಾಲರ್, ಮನೆ ನೋಡಿದೀನಿ, ಸಾಲ ಎಷ್ಟು ಸಿಗಬಹುದು?" ಅಂದರು. ಪಾಪ, ಚಳಿಗಾಲದ ಬೆಳಗ್ಗೆ ಐದಕ್ಕೆ ಎದ್ದು ಮಗನನ್ನು ರಿಂಕ್‌ಗೆ ಬಿಟ್ಟು ಕೆಲಸಕ್ಕೆ ಹೋದ ಮನುಷ್ಯ. ಆದರೆ ಅದು ಟೂ-ವೇ ಕರಾರು. ಹುಡುಗ ಕೆಳಗಿನ ಲೀಗ್ ಎಎಚ್‌ಎಲ್‌ನಲ್ಲಿ ಆಡುವಷ್ಟು ದಿನ ಸಿಗೋದು ವರ್ಷಕ್ಕೆ 80 ಸಾವಿರದ ಆಸುಪಾಸಿನ ದರದಲ್ಲಿ. ಅದರಲ್ಲೂ ತೆರಿಗೆ, ಏಜೆಂಟ್ ಕಮಿಷನ್ ಹೋಗಬೇಕು. ಮೂರು ಸಲ ಬಿಡಿಸಿ ಹೇಳಿದೆ. ಕೊನೆಗೆ, "ಹಾಗಾದ್ರೆ ವೆಬ್‌ಸೈಟಲ್ಲಿ ಹಾಕಿರೋದು ಸುಳ್ಳಾ?" ಅಂತ ಕೇಳಿದರು. ಸುಳ್ಳಲ್ಲ ಸರ್, ಅದು ತಂಡದ ಲೆಕ್ಕ, ನಿಮ್ಮ ಮಗನ ಪಾಸ್‌ಬುಕ್ ಅಲ್ಲ.

ಮಿನ್ನೆಸೋಟಾ ಈಗ ಉಸಿರಾಡ್ತಿದೆ. 2025-26ರಿಂದ ಆ ಹೊರೆ ವರ್ಷಕ್ಕೆ 16.7 ಲಕ್ಷಕ್ಕೆ ಇಳಿದಿದೆ, 2028-29ಕ್ಕೆ ಪೂರ್ತಿ ತೀರುತ್ತೆ. ಅಷ್ಟರಲ್ಲೇ, 2025ರ ಸೆಪ್ಟೆಂಬರ್ 30ಕ್ಕೆ, ತಮ್ಮ ಆಟಗಾರ ಕಿರಿಲ್ ಕಪ್ರಿಝೋವ್‌ಗೆ 8 ವರ್ಷಕ್ಕೆ 13.6 ಕೋಟಿ ಡಾಲರ್ ಬರೆದುಕೊಟ್ಟರು. ಕ್ಯಾಪ್ ಹಿಟ್ 1.7 ಕೋಟಿ, ಲೆಕ್ಕಕ್ಕೆ ಬರೋದು 2026-27ರಿಂದ. ಸುದ್ದಿ ಬಂದ ಮೇಲೆ ಗೆಳೆಯನೊಬ್ಬ ಫೋನ್ ಮಾಡಿದ: "ಏನಯ್ಯಾ, ಆಡದೇ ಹೋದ್ರೆ ಬೈಔಟ್ ಮಾಡಬಹುದಲ್ವಾ?"